ರಾಯದುರ್ಗ–ಮಡಕಶಿರ ಸೀಮೆಯಲ್ಲಿ ಇಂಗ್ಲಿಷ್ ನುಡಿಗಟ್ಟು ನಡೆದು ಬಂದ ದಾರಿ

ರಾಯದುರ್ಗ, ಮಡಕಶಿರ ಎಂದರೆ ಕಾಸರಗೋಡು ಸೀಮೆಯ ಓದುಗರಿಗೆ ದೂರದ ಹೆಸರುಗಳು. ಒಂದು ಕಡೆ ಕಡಲು, ತೆಂಗು, ಅಡಿಕೆ. ಇನ್ನೊಂದು ಕಡೆ ಬಂಡೆಗುಡ್ಡ, ಕಡಲೆಕಾಯಿ ಹೊಲ, ನೀರಿಲ್ಲದ ಹಳ್ಳ. ಆದರೂ ಈ ಎರಡು ಸೀಮೆಗಳಿಗೆ ಹಳೆಯ ನಂಟಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬೇಕಲವೂ ಸೇರಿದ್ದ ಕೆನರಾ ಪ್ರಾಂತಕ್ಕೆ ಕಲೆಕ್ಟರಾಗಿ ಬಂದವನು ತಾಮಸ್ ಮನ್ರೋ. ಮರುವರ್ಷ, 1800ರಲ್ಲಿ, ನಿಜಾಮನು ಕಂಪೆನಿ ಸರಕಾರಕ್ಕೆ ಬಿಟ್ಟುಕೊಟ್ಟ ಜಿಲ್ಲೆಗಳಿಗೆ ಪ್ರಧಾನ ಕಲೆಕ್ಟರಾಗಿ ಹೋದವನೂ ಅವನೇ. 1807ರವರೆಗೆ ಅವನು ಅಲ್ಲಿದ್ದ. 'ದತ್ತ ಮಂಡಲ' ಎಂದು ಕರೆಸಿಕೊಂಡ ಆ ನಾಡಿಗೆ 'ರಾಯಲಸೀಮೆ' ಎಂಬ ಹೆಸರು ಬಂದದ್ದು 1928ರಲ್ಲಿ. ನಮ್ಮ ರಾಯದುರ್ಗವೂ ಮಡಕಶಿರವೂ ಇರುವುದು ಆ ನಾಡಿನ ಪಡುವಣ ಅಂಚಿನಲ್ಲಿ.

ಇನ್ನೊಂದು ನಂಟು ಅಚ್ಚಿನದು. 1843ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ 'ಮಂಗಳೂರು ಸಮಾಚಾರ'ವೇ ಕನ್ನಡದ ಮೊದಲ ಪತ್ರಿಕೆ ಎಂಬುದು ಎಲ್ಲರಿಗೂ ಗೊತ್ತು. ಅದು ಮರುವರ್ಷವೇ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವೆಂಬ ಹೆಸರಿನಲ್ಲಿ ಅಚ್ಚಾಯಿತೆಂಬುದು ಅಷ್ಟಾಗಿ ಗೊತ್ತಿಲ್ಲ. ಆಗ ರಾಯದುರ್ಗ, ಮಡಕಶಿರ ಎರಡೂ ಬಳ್ಳಾರಿ ಜಿಲ್ಲೆಯವೇ. ಅಂದರೆ ನಿಮ್ಮೂರಿನ ಪತ್ರಿಕೆ ನಮ್ಮ ಜಿಲ್ಲೆಯ ಮೊಳೆಗಳಲ್ಲಿ ಅಚ್ಚಾಗಿತ್ತು.

ಈ ಲೇಖನದಲ್ಲಿ ನಾನು ಹೇಳಹೊರಟದ್ದು ರಾಜರ ಕತೆಯನ್ನಲ್ಲ, ಕೋಟೆಯ ಕತೆಯನ್ನೂ ಅಲ್ಲ. ಇಂಗ್ಲಿಷಿನ ನುಡಿಗಟ್ಟುಗಳು ಈ ಗಡಿನಾಡಿನ ಕನ್ನಡ ಮಕ್ಕಳಿಗೆ ಯಾವ ದಾರಿಯಲ್ಲಿ ಬಂದವು, ಅವುಗಳ ಅರ್ಥ ಯಾವ ಭಾಷೆಯ ಮೂಲಕ ಸಿಕ್ಕಿತು ಎಂಬುದು ನನ್ನ ವಿಷಯ. ಹಲವು ವರ್ಷ ಈ ಎರಡೂ ಕಡೆ ಇಂಗ್ಲಿಷ್ ಪಾಠ ಹೇಳಿದವನಾದ್ದರಿಂದ ಇದು ನನಗೆ ಪುಸ್ತಕದ ಚರಿತ್ರೆಯಷ್ಟೇ ಅಲ್ಲ.

ಬಳ್ಳಾರಿಯ ಪಾದ್ರಿಗಳು

ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಆಮೇಲೆ ಅವನ ಜೊತೆಗೂಡಿದವನು ವಿಲಿಯಂ ರೀವ್. ಹ್ಯಾಂಡ್ಸ್ ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದ. ರೀವ್ ನಿಘಂಟಿನ ಕೆಲಸ ಹಿಡಿದ. ರೀವನ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲೂ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲೂ ಹೊರಬಂದವು. ಎರಡನೆಯದನ್ನು ಡೇನಿಯಲ್ ಸ್ಯಾಂಡರ್ಸನ್ ತಿದ್ದಿ 1858ರಲ್ಲಿ ಬೆಂಗಳೂರಿನಲ್ಲಿ ಮತ್ತೆ ಅಚ್ಚು ಮಾಡಿಸಿದ. ಒಂದು ಇಂಗ್ಲಿಷ್ ಮಾತಿಗೆ ಕನ್ನಡದಲ್ಲಿ ಏನನ್ನುತ್ತಾರೆ ಎಂದು ಸಾಲಾಗಿ ಬರೆದಿಡುವ ಕೆಲಸ ಅಚ್ಚಿನಲ್ಲಿ ಮೊದಲಾದ ಜಾಗಗಳಲ್ಲಿ ನಮ್ಮ ಹಳೆಯ ಬಳ್ಳಾರಿ ಜಿಲ್ಲೆಯೂ ಒಂದು.

ಪಾದ್ರಿಗಳ ಕಷ್ಟ ನಮ್ಮ ಮಕ್ಕಳ ಕಷ್ಟಕ್ಕೆ ತಿರುವುಮುರುವಾದದ್ದು. ಪಿಲಾತನು ಜನರೆದುರು ಕೈ ತೊಳೆದುಕೊಂಡ ಕತೆ ಬೈಬಲ್ಲಿನಲ್ಲಿದೆ. ಇಂಗ್ಲಿಷಿನಲ್ಲಿ ಅದು 'ಈ ಹೊಣೆ ನನ್ನದಲ್ಲ' ಎಂಬರ್ಥದ ನುಡಿಗಟ್ಟಾಯಿತು. ಕನ್ನಡದಲ್ಲಿ ಕೈ ತೊಳೆಯುವುದು ಊಟಕ್ಕೆ ಮೊದಲು, ಊಟದ ಮೇಲೆ. ಇಂದು ನಾವು 'ಸರಕಾರ ಕೈ ತೊಳೆದುಕೊಂಡಿತು' ಎಂದು ಯಾವ ಅನುಮಾನವೂ ಇಲ್ಲದೆ ಬರೆಯುತ್ತೇವೆ. ಮಲಯಾಳದ ಪತ್ರಿಕೆಗಳೂ 'ಕೈ ಕಳುಗಿ' ಎಂದು ಬರೆಯುತ್ತವೆ. ಮಾತು ಬಂದ ದಾರಿ ಮರೆತುಹೋಗಿ ಮಾತು ಮಾತ್ರ ನಮ್ಮದಾಗಿದೆ.

ಮುಂದೆ ಈ ಕೆಲಸ ಕರಾವಳಿಗೆ ಬಂತು. ಹರ್ಮನ್ ಗುಂಡರ್ಟನ ಮಲಯಾಳ–ಇಂಗ್ಲಿಷ್ ನಿಘಂಟು 1872ರಲ್ಲಿ, ಫರ್ಡಿನಾಂಡ್ ಕಿಟೆಲನ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ, ಎರಡೂ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದವು. ಒಂದೇ ಅಚ್ಚುಕೂಟದಿಂದ ಎರಡು ಭಾಷೆಗಳ ಮಹಾ ನಿಘಂಟುಗಳು ಬಂದುವೆಂಬುದು ಇಂಥ ದ್ವಿಭಾಷಾ ಸಂಚಿಕೆಯ ಓದುಗರಿಗೆ ಸಂತೋಷ ಕೊಡುವ ಸಂಗತಿ. ಕಿಟೆಲನು ಬರಿಯ ಪದಗಳನ್ನಲ್ಲದೆ ಗಾದೆಗಳನ್ನೂ ಬಳಕೆಯ ಮಾತುಗಳನ್ನೂ ಸೇರಿಸಿದ. ಆದರೆ ಅವನ ನಿಘಂಟು ಕನ್ನಡದಿಂದ ಇಂಗ್ಲಿಷಿಗೆ ಹೋಗುವವರಿಗೆ. ಇಂಗ್ಲಿಷಿನಿಂದ ಕನ್ನಡಕ್ಕೆ ಬರಬೇಕಾದ ವಿದ್ಯಾರ್ಥಿಗೆ ಹರವಾದ, ನಂಬಬಹುದಾದ ಆಸರೆ ಸಿಕ್ಕಿದ್ದು 1946ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಬಂದಾಗ.

ಪರೀಕ್ಷೆಯ ನುಡಿಗಟ್ಟು

1857ರಲ್ಲಿ ಮದರಾಸು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಮೆಟ್ರಿಕ್ಯುಲೇಶನ್ ಪಾಸಾದವನಿಗೆ ಗುಮಾಸ್ತೆ ಕೆಲಸ, ಮೇಷ್ಟ್ರ ಕೆಲಸ. ಅಲ್ಲಿಂದ ಇಂಗ್ಲಿಷ್ ನುಡಿಗಟ್ಟು ಅನ್ನದ ಪ್ರಶ್ನೆಯಾಯಿತು. ರಾಯದುರ್ಗದ ಕಡೆಯವರು ಹೆಚ್ಚಿನ ಓದಿಗೆ ಬಳ್ಳಾರಿಯನ್ನೇ ನೋಡುತ್ತಿದ್ದರು. ಮಿಶನಿನ ವಾರ್ಡ್‌ಲಾ ಶಾಲೆ ಅಲ್ಲಿತ್ತು. 1890ರ ದಶಕದಲ್ಲಿ ನೆಸ್‌ಫೀಲ್ಡ್ ಬರೆದ ವ್ಯಾಕರಣಮಾಲೆ ಬಂತು. ಅದರ ಒಂದು ಭಾಗದ ಹೆಸರಿನಲ್ಲೇ 'ಈಡಿಯಂ' ಎಂಬ ಮಾತಿತ್ತು. 1930ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ಬಂತು. ಇವರಲ್ಲಿ ರೆನ್ ಮುಂಬಯಿ ಪ್ರಾಂತದ ವಿದ್ಯಾ ಇಲಾಖೆಯಲ್ಲಿದ್ದವನು, ಕಾದಂಬರಿಕಾರ ಕೂಡ. ನಮ್ಮ ಅಜ್ಜಂದಿರು ನುಡಿಗಟ್ಟುಗಳ ಪಟ್ಟಿಯನ್ನು ಅಮರಕೋಶದಂತೆ ಬಾಯಿಪಾಠ ಮಾಡಿದರು. ಉಚ್ಚಾರ ತಪ್ಪಿದರೂ ಪಟ್ಟಿ ತಪ್ಪುತ್ತಿರಲಿಲ್ಲ.

ನುಡಿಗಟ್ಟಿಗಿಂತಲೂ ಹೆಚ್ಚು ಕಾಡಿದ್ದು ಕ್ರಿಯಾಪದಕ್ಕೆ ಅಪ್, ಡೌನ್, ಆಫ್, ಔಟ್ ಎಂಬ ಬಾಲ ಸೇರಿದಾಗ ಅರ್ಥವೇ ಬದಲಾಗುವ ಮಾತುಗಳು. ಗಿವ್ ಎಂದರೆ ಕೊಡು. ಗಿವ್ ಅಪ್ ಎಂದರೆ ಕೈಬಿಡು. ಪುಟ್ ಎಂದರೆ ಇಡು. ಪುಟ್ ಆಫ್ ಎಂದರೆ ಮುಂದೂಡು. ಪರಭಾಷೆಯವರಿಗೆ ಇದರಷ್ಟು ಕಷ್ಟ ಇನ್ನೊಂದಿಲ್ಲವೆಂದು ಸ್ಯಾಮ್ಯುಯೆಲ್ ಜಾನ್ಸನ್ 1755ರಷ್ಟು ಹಿಂದೆಯೇ ತನ್ನ ನಿಘಂಟಿನ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದ. ಇವುಗಳಿಗೆ 'ಫ್ರೇಸಲ್ ವರ್ಬ್' ಎಂಬ ಹೆಸರು ಪ್ರಚಾರಕ್ಕೆ ಬಂದದ್ದು ಮಾತ್ರ 1925ರಲ್ಲಿ, ಲೋಗನ್ ಪಿಯರ್ಸಾಲ್ ಸ್ಮಿತ್ ಬರೆದ ಪುಸ್ತಕದಿಂದ. ಕಲಿಯುವವರ ಕಷ್ಟವನ್ನೇ ಕಣ್ಣ ಮುಂದಿಟ್ಟುಕೊಂಡು ಮಾಡಿದ ನಿಘಂಟು ಇಂಗ್ಲೆಂಡಿನಲ್ಲಿ ಹುಟ್ಟಲಿಲ್ಲ. ಜಪಾನಿನಲ್ಲಿ ಪಾಠ ಹೇಳುತ್ತಿದ್ದ ಹಾರ್ನ್‌ಬಿ ಮತ್ತು ಸಂಗಡಿಗರು ಅದನ್ನು 1942ರಲ್ಲಿ ಟೋಕಿಯೋದಲ್ಲಿ ತಂದರು. 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯ ಅದನ್ನು ಕೈಗೆತ್ತಿಕೊಂಡಿತು.

ಗಡಿ ಸರಿದಾಗ

1882ರಲ್ಲಿ ಬಳ್ಳಾರಿಯಿಂದ ಅನಂತಪುರ ಜಿಲ್ಲೆ ಬೇರೆಯಾದಾಗ ಮಡಕಶಿರ ಅನಂತಪುರಕ್ಕೆ ಸೇರಿತು. ರಾಯದುರ್ಗ ಬಳ್ಳಾರಿಯಲ್ಲೇ ಉಳಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ ಬಂತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಮೂರು ವರ್ಷಗಳ ಮೇಲೆ, 1956ರ ನವೆಂಬರ್ 1ರಂದು, ಕಾಸರಗೋಡು ಕೇರಳಕ್ಕೆ ಹೋಯಿತು. ಈ ನೋವನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ. 2022ರಲ್ಲಿ ಜಿಲ್ಲೆಗಳು ಮತ್ತೆ ಒಡೆದಾಗ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ, ರಾಯದುರ್ಗ ಅನಂತಪುರದಲ್ಲಿ ಉಳಿಯಿತು. ಆದರೆ ಡಿ. ಹಿರೇಹಾಳ್, ಬೊಮ್ಮನಹಾಳ್, ಗುಮ್ಮಗಟ್ಟದ ಹಳ್ಳಿಗಳಲ್ಲಾಗಲಿ, ಅಮರಾಪುರ, ರೊಳ್ಳ, ಅಗಳಿ, ಗುಡಿಬಂಡೆಯ ಹಳ್ಳಿಗಳಲ್ಲಾಗಲಿ ಮನೆಮಾತು ಈ ಗೆರೆಗಳನ್ನು ಕೇಳಿ ಬದಲಾಗಲಿಲ್ಲ. ಅಮರಾಪುರದ ಬಳಿಯ ಹೇಮಾವತಿ ನೊಳಂಬರ ರಾಜಧಾನಿಯಾದ ಹೆಂಜೇರು. ಅಲ್ಲಿನ ಕಲ್ಲುಗಳ ಮೇಲೆ ಇಂದಿಗೂ ಹಳಗನ್ನಡ ಉಂಟು.

ಬದಲಾದದ್ದು ಶಾಲೆಯ ಸುತ್ತಲಿನ ಭಾಷೆ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಪಾಠಕ್ಕೆ ಅನುಕೂಲ ಮಾಡಿಕೊಡಬೇಕು. ಕನ್ನಡ ಶಾಲೆಗಳೇನೋ ಉಳಿದವು. ಆದರೆ ಪೇಟೆಯ ಅಂಗಡಿಯಲ್ಲಿ ಸಿಗುವ ಇಂಗ್ಲಿಷ್ ಗೈಡಿನಲ್ಲಿ ಅರ್ಥ ಬರೆದಿರುತ್ತಿದ್ದುದು ತೆಲುಗಿನಲ್ಲಿ. ನನ್ನ ತರಗತಿಯ ಮಕ್ಕಳು ಆ ತೆಲುಗನ್ನು ಕನ್ನಡ ಅಕ್ಷರದಲ್ಲಿ ಇಳಿಸಿಕೊಳ್ಳುತ್ತಿದ್ದರು. ಅವರಿಗೆ ಸಂತೆಯ ತೆಲುಗು ಚೆನ್ನಾಗಿಯೇ ಬರುತ್ತಿತ್ತು. ಗ್ರಂಥದ ತೆಲುಗು ಬರುತ್ತಿರಲಿಲ್ಲ. ಅಲ್ಲಿಯೇ ತೊಡಕು.

ಹೋಲ್ಡ್ ಅಪ್ ಎಂಬುದಕ್ಕೆ ಗೈಡು 'ಆಲಸ್ಯಂ ಚೇಯು' ಎನ್ನುತ್ತದೆ. ತೆಲುಗಿನಲ್ಲಿ ಆಲಸ್ಯವೆಂದರೆ ತಡ. ಕನ್ನಡದ ಹುಡುಗ ಅದನ್ನು ಸೋಮಾರಿತನವೆಂದು ಬರೆದ. ಕಾಲ್ ಫಾರ್ ಎಂಬುದಕ್ಕೆ 'ಅವಸರಂ' ಎಂದಿತ್ತು. ತೆಲುಗಿನಲ್ಲಿ ಅವಸರವೆಂದರೆ ಬೇಕಾಗುವುದು, ಅಗತ್ಯ. ನಮ್ಮ ಹುಡುಗಿ ಅದನ್ನು ಗಡಿಬಿಡಿ ಎಂದು ತಿಳಿದಳು. ಇದೇ 'ಅವಸರಂ' ಮಲಯಾಳದಲ್ಲಿ ಸಂದರ್ಭ, ಅವಕಾಶ. ಸಂಸ್ಕೃತದ ಒಂದೇ ಪದ ಮೂರು ಮನೆಗಳಲ್ಲಿ ಮೂರು ಬಾಳು ಬಾಳುತ್ತಿದೆ! ಗಡಿಯ ಮಗು ಇಂಗ್ಲಿಷಿಗೆ ತಲುಪುವ ಮೊದಲೇ ಹೀಗೆ ದಾರಿಯಲ್ಲಿ ಎಡವುತ್ತದೆ. ಪರೀಕ್ಷಕರ ಕಣ್ಣಿಗೆ ಅದು ದಡ್ಡತನವಾಗಿ ಕಾಣುತ್ತದೆ.

ಇದು ಅಂಕಗಳ ಮಾತಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ರೊಳ್ಳದ ಕಡೆಯ ಒಬ್ಬ ಮುದುಕರು ಒಮ್ಮೆ ಒಂದು ಕಾಗದ ಹಿಡಿದುಕೊಂಡು ನನ್ನಲ್ಲಿಗೆ ಬಂದರು. ಜಮೀನಿನ ಸಂಬಂಧ ಅವರು ಕೊಟ್ಟಿದ್ದ ಅರ್ಜಿಗೆ ಒಂದು ಕಚೇರಿಯಿಂದ ಬಂದ ಉತ್ತರ ಅದು. ಅರ್ಜಿ 'ಟರ್ನ್ಡ್ ಡೌನ್' ಆಗಿದೆ ಎಂದು ಅದರಲ್ಲಿತ್ತು. ಹತ್ತನೇ ಕ್ಲಾಸಿನ ಮೊಮ್ಮಗ ನಿಘಂಟು ನೋಡಿ, ಟರ್ನ್ ಎಂದರೆ ತಿರುಗಿಸು, ಡೌನ್ ಎಂದರೆ ಕೆಳಗೆ ಎಂದು ಬಿಡಿಸಿ ಹೇಳಿದ್ದ.

"ನಮ್ಮ ಅರ್ಜೀನ ಕೆಳಗಿನ ಆಪೀಸಿಗೆ ತಿರುಗ್ಸವ್ರೆ ಮೇಷ್ಟ್ರೇ. ಎರಡು ತಿಂಗಳಿಂದ ತಾಲೂಕಾಪೀಸಿಗೆ ಅಲೀತಾ ಇವ್ನಿ, ಬಂದೇ ಇಲ್ಲ ಅಂತಾರೆ" ಎಂದರು.

ಅರ್ಜಿ ತಳ್ಳಿಹಾಕಲ್ಪಟ್ಟಿದೆ ಎಂದು ನಾನು ಹೇಳಬೇಕಾಯಿತು. ಮೇಲ್ಮನವಿಗೆ ಕೊಟ್ಟಿದ್ದ ಗಡುವು ಅಷ್ಟರಲ್ಲಿ ಮುಗಿದಿತ್ತು. ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, "ಹುಡುಗನ್ನ ಬಯ್ಯಬ್ಯಾಡಿ, ಅವನು ಪುಸ್ತಕ ನೋಡೇ ಹೇಳ್ದ" ಎಂದರು. ಹುಡುಗನ ತಪ್ಪಿಲ್ಲ, ನಿಜ. ಎರಡು ಪದಗಳ ಅರ್ಥ ಅವನಿಗೆ ಸರಿಯಾಗಿಯೇ ಗೊತ್ತಿತ್ತು. ಎರಡೂ ಕೂಡಿದಾಗ ಮೂರನೆಯದೊಂದು ಹುಟ್ಟುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಮನೆಮಾತಿನಲ್ಲೇ ಇರುವ ಕೀಲಿ

ಸೋಜಿಗವೆಂದರೆ, ಆ ಹುಡುಗ ಇಂಥ ಮಾತುಗಳನ್ನು ದಿನವೂ ಆಡುತ್ತಿದ್ದ. 'ತಿಂದುಬಿಡು' ಎನ್ನುತ್ತಾಳೆ ತಾಯಿ. ತಿನ್ನುವುದಷ್ಟೇ ಇದೆ, ಬಿಡುವುದೇನು? ಏನೂ ಇಲ್ಲ. 'ಬಿಡು' ಎಂಬ ಕ್ರಿಯಾಪದ ತನ್ನ ಸ್ವಂತ ಅರ್ಥ ಕಳೆದುಕೊಂಡು, ಪೂರ್ತಿಯಾಗಿ ಎಂಬ ಅರ್ಥಕ್ಕೆ ದುಡಿಯುತ್ತಿದೆ. ಇಂಗ್ಲಿಷಿನವನು ಅದನ್ನೇ 'ಈಟ್ ಅಪ್' ಎನ್ನುತ್ತಾನೆ. ಅಲ್ಲಿ ಮೇಲಕ್ಕೆ ಹೋಗುವುದೂ ಏನಿಲ್ಲ. ತೆಲುಗಿನವರ 'ತಿನೇಯ್' ಎಂಬುದರಲ್ಲಿ ಅಡಗಿರುವುದು 'ಹಾಕು' ಎಂಬರ್ಥದ 'ವೇಯು'. ಮಲಯಾಳದ 'ತಿನ್ನುಕಳಞ್ಞು' ಎಂಬುದರಲ್ಲಿ ಇರುವುದು 'ಎಸೆ' ಎಂಬರ್ಥದ 'ಕಳೆಯುಗ'. ಬಿಡುವುದು, ಹಾಕುವುದು, ಎಸೆಯುವುದು, ಮೇಲೇರುವುದು — ನಾಲ್ಕೂ ಮನೆಗಳಲ್ಲಿ ತಟ್ಟೆ ಮಾತ್ರ ಖಾಲಿ.

ಲುಕ್ ಆಫ್ಟರ್ ಎಂಬುದನ್ನು 'ಹಿಂದೆ ನೋಡು' ಎಂದು ಬರೆದ ಮಕ್ಕಳಿಗೆ ನಾನು 'ಮನೆ ನೋಡಿಕೋ' ಎಂಬ ಮಾತನ್ನು ನೆನಪಿಸುತ್ತಿದ್ದೆ. ಮನೆ ನೋಡಿಕೊಳ್ಳುವವನು ಗೋಡೆಯನ್ನು ದಿಟ್ಟಿಸುತ್ತ ಕೂರುವುದಿಲ್ಲ. ತೆಲುಗಿನ 'ಚೂಸುಕೋ', ಮಲಯಾಳದ 'ನೋಕ್ಕಿಕ್ಕೋ' ಎರಡೂ ಇದೇ ಅಚ್ಚಿನವು. ನೋಡುವ ಕ್ರಿಯೆಯಿಂದ ಪಾಲನೆಯ ಅರ್ಥ ಹೊರಡಿಸುವ ವಿದ್ಯೆ ಇಂಗ್ಲಿಷಿನವರೊಬ್ಬರದೇ ಅಲ್ಲವೆಂದು ಗೊತ್ತಾದ ಕೂಡಲೇ ಮಕ್ಕಳ ಮುಖದಲ್ಲಿ ಭಯ ಕಡಿಮೆಯಾಗುತ್ತಿತ್ತು.

ಹೋಲಿಕೆಯಷ್ಟೇ ಅಲ್ಲ, ಮೋಸವೂ ಇದೆ. ಇಂಗ್ಲಿಷಿನಲ್ಲಿ ಕೈ ಕೊಡುವುದೆಂದರೆ ನೆರವಾಗುವುದು. ಕನ್ನಡದಲ್ಲಿ 'ಅವನು ಕೈ ಕೊಟ್ಟ' ಎಂದರೆ ನಡುನೀರಿನಲ್ಲಿ ಬಿಟ್ಟುಹೋದ ಎಂದರ್ಥ. ತೆಲುಗಿನ ಹುಡುಗರಂತೂ ಇಂಗ್ಲಿಷ್ ಪದವನ್ನೇ ತಂದು 'ಹ್ಯಾಂಡ್ ಇಚ್ಚಾಡು' ಎಂದು ಅದೇ ಮೋಸದ ಅರ್ಥದಲ್ಲಿ ಹೇಳುತ್ತಾರೆ. 'ಮುಂದಕ್ಕೆ ಹಾಕು' ಎಂಬುದನ್ನು ಪುಟ್ ಫಾರ್ವರ್ಡ್ ಎಂದು ಬರೆದರೆ ಕೆಟ್ಟಿತು; ಅಲ್ಲಿ ಅದಕ್ಕೆ ಸೂಚಿಸು, ಮಂಡಿಸು ಎಂದರ್ಥ. ಕನ್ನಡದಲ್ಲಿ ಮುಂದಕ್ಕೆ ಹೋದ ದಿನ ದೂರವಾಗುತ್ತದೆ. ಇಂಗ್ಲಿಷಿನಲ್ಲಿ ಮುಂದಕ್ಕೆ ತಂದ ದಿನ ಹತ್ತಿರವಾಗುತ್ತದೆ. ಮಲಯಾಳದವರು ದಿನವನ್ನು 'ನೀಟ್ಟಿ' ಇಡುತ್ತಾರೆ, ಅಂದರೆ ಚಾಚಿ ಇಡುತ್ತಾರೆ. ಅವರ ಮಕ್ಕಳಿಗೆ ಇಲ್ಲಿ ಇಷ್ಟು ಅಪಾಯವಿಲ್ಲ.

ನುಡಿಗಟ್ಟುಗಳಿಗೆ ಬಂದರೆ ಊರಿನ ವಾಸನೆ ಇನ್ನೂ ಹೆಚ್ಚು. ಜಗಳ ಹೆಚ್ಚಿಸುವವನನ್ನು ಕುರಿತು ಇಂಗ್ಲಿಷಿನವನು ಬೆಂಕಿಗೆ ಸೌದೆ ಹಾಕಿದ ಎನ್ನುತ್ತಾನೆ. ನಾವು ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತೇವೆ. ತೆಲುಗಿನವರು ಅಗ್ನಿಗೆ ಆಜ್ಯ ಹೊಯ್ಯುತ್ತಾರೆ. ಮಲಯಾಳದವರು ಎರಿತೀಗೆ ಎಣ್ಣೆ ಎರೆಯುತ್ತಾರೆ. ಇಕ್ಕಟ್ಟಿಗೆ ನಮ್ಮ ಹಿರಿಯರು 'ಅತ್ತ ದರಿ, ಇತ್ತ ಪುಲಿ' ಎಂದರು. ತೆಲುಗಿನವರಿಗೆ ಮುಂದೆ ಬಾವಿ, ಹಿಂದೆ ಗುಂಡಿ. ಮಲಯಾಳದಲ್ಲಿ ಇಂಗ್ಲಿಷಿನದೇ ಮಾತು ಹೊಕ್ಕು 'ಚೆಗುತ್ತಾನುಂ ಕಡಲಿನುಂ ನಡುವಿಲ್' ಎಂದಾಗಿದೆ. ಕಡಲು ಮನೆಯ ಬಾಗಿಲಲ್ಲೇ ಇರುವವರಿಗೆ ಅದು ಹೊರಗಿನದೆಂದು ಅನ್ನಿಸಲೂ ಇಲ್ಲ. ಸಾವನ್ನು ಹಗುರವಾಗಿ ಹೇಳುವಾಗ ನಮ್ಮಲ್ಲಿ 'ಗೊಟಕ್ ಅಂದ' ಎನ್ನುತ್ತಾರೆ. ತೆಲುಗಿನವರು ಇಂಗ್ಲಿಷನ್ನೇ ಅನುವಾದಿಸಿ 'ಬಾಲ್ಚೀ ತನ್ನೇಶಾಡು', ಅಂದರೆ ಬಕೆಟ್ಟು ಒದ್ದ ಎನ್ನುತ್ತಾರೆ. ರಾಯದುರ್ಗದ ಬೀದಿಯ ಹುಡುಗನಿಗೆ ಈ ಇಂಗ್ಲಿಷ್ ನುಡಿಗಟ್ಟು ಪುಸ್ತಕಕ್ಕೆ ಮೊದಲು ತೆಲುಗಿನಲ್ಲೇ ಕಿವಿಗೆ ಬಿದ್ದಿರುತ್ತದೆ. ಆದ್ದರಿಂದ ತೆಲುಗು ನಮಗೆ ತೊಡಕು ಮಾತ್ರವೆಂದು ಹೇಳುವುದು ನ್ಯಾಯವಲ್ಲ. ಅದು ಎಷ್ಟೋ ಸಲ ಸೇತುವೆಯೂ ಹೌದು.

ನ್ಯೂಕಾಸಲ್ಲಿಗೆ ಕಲ್ಲಿದ್ದಲು ಹೊರುವ ಮಾತು ಬಂದಾಗ ನಾನು 'ಹಿಂದೂಪುರಕ್ಕೆ ಹುಣಸೆಹಣ್ಣು ಹೊತ್ತಂತೆ' ಎಂದು ಹೇಳಿಕೊಡುತ್ತಿದ್ದೆ. ಹಿಂದೂಪುರದ ಹುಣಸೆ ಮಂಡಿ ಕಾಣದ ಮಗು ನಮ್ಮಲ್ಲಿಲ್ಲ. ಮಲಯಾಳದವರು ಕಮ್ಮಾರರ ಕೇರಿಯಲ್ಲಿ ಸೂಜಿ ಮಾರುವ ಗಾದೆ ಹೇಳುತ್ತಾರಂತೆ. ಎಷ್ಟು ಚೆನ್ನಾಗಿದೆ!

ಇಂದಿನ ಪ್ರಶ್ನೆ

1958ರಲ್ಲಿ ಹೈದರಾಬಾದಿನಲ್ಲಿ ಇಂಗ್ಲಿಷ್ ಬೋಧನೆಯ ಕೇಂದ್ರ ಸಂಸ್ಥೆ, 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಸಂಸ್ಥೆ ಹುಟ್ಟಿದ ಮೇಲೆ ಬಾಯಿಪಾಠದ ಪಟ್ಟಿಗಳು ಹಿಂದೆ ಸರಿದು, ವಾಕ್ಯರಚನೆಯ ಅಭ್ಯಾಸ ಮುಂದೆ ಬಂತು. ಅದು ಒಳ್ಳೆಯದೇ. ಆದರೆ ಅರ್ಥ ಯಾವ ಭಾಷೆಯಲ್ಲಿ ಮಗುವಿನೊಳಗೆ ಇಳಿಯಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. 2019ರ ನವೆಂಬರಿನಲ್ಲಿ ಆಂಧ್ರ ಸರಕಾರ ಸರಕಾರಿ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸುವ ಆಜ್ಞೆ ಹೊರಡಿಸಿತು; 2020ರ ಏಪ್ರಿಲಿನಲ್ಲಿ ಹೈಕೋರ್ಟು ಅದನ್ನು ರದ್ದುಪಡಿಸಿತು. ಆಮೇಲೆ ಒಂದು ಪುಟದಲ್ಲಿ ಇಂಗ್ಲಿಷು, ಎದುರು ಪುಟದಲ್ಲಿ ತೆಲುಗು ಇರುವ ಪಠ್ಯಪುಸ್ತಕಗಳು ಬಂದವು. ಎದುರು ಪುಟದ ಕಲ್ಪನೆ ಬಹಳ ಒಳ್ಳೆಯದು. ಆ ಎದುರು ಪುಟದಲ್ಲಿ ಇರುವ ಭಾಷೆ ಮಗುವಿನ ಮನೆಯದಾಗಿರಬೇಕು ಎಂಬುದಷ್ಟೇ ಗಡಿಯ ಮನೆಗಳು ಕೇಳುವ ಮಾತು. ಕಾಸರಗೋಡಿನಲ್ಲಿ ಕೇಳಿದರೂ ಅದೇ, ಅಮರಾಪುರದಲ್ಲಿ ಕೇಳಿದರೂ ಅದೇ.

ಮಕ್ಕಳಿಗೆ ಇಂಗ್ಲಿಷು ಬೇಡವೆನ್ನುವ ತಂದೆತಾಯಿ ನಮ್ಮಲ್ಲಿ ಯಾರೂ ಇಲ್ಲ, ನಾನೂ ಹಾಗೆನ್ನುವವನಲ್ಲ. ಇಂಗ್ಲಿಷು ಚೆನ್ನಾಗಿ ಬರಲೆಂದೇ ಮನೆಮಾತು ಬೇಕು. ಕನ್ನಡದಲ್ಲಿ ಜಿ. ವೆಂಕಟಸುಬ್ಬಯ್ಯನವರು 1991ರಿಂದ 'ಪ್ರಜಾವಾಣಿ'ಯ 'ಇಗೋ ಕನ್ನಡ' ಅಂಕಣದಲ್ಲಿ ಓದುಗರ ಒಂದೊಂದು ಪದದ ಅನುಮಾನಕ್ಕೂ ತಾಳ್ಮೆಯಿಂದ ಉತ್ತರ ಹೇಳಿದರು. ಅಂಥ ತಾಳ್ಮೆಯ ಸಣ್ಣ ಪಾಲು ಪ್ರತಿ ಮನೆಯಲ್ಲೂ ಸಾಧ್ಯ. ನನ್ನ ವಿದ್ಯಾರ್ಥಿಗಳಿಂದ ನಾನು ಒಂದು ನೋಟುಪುಸ್ತಕ ಇಡಿಸುತ್ತಿದ್ದೆ. ಪುಟಕ್ಕೆ ಮೂರು ಗೆರೆ: ಮೊದಲಿನದರಲ್ಲಿ ಇಂಗ್ಲಿಷ್ ಮಾತು, ಎರಡನೆಯದರಲ್ಲಿ ಸಂತೆಯ ತೆಲುಗು, ಮೂರನೆಯದರಲ್ಲಿ ಮನೆಯ ಕನ್ನಡ. ಮೂರನೆಯದನ್ನು ಗೈಡು ನೋಡಿ ತುಂಬಿಸಕೂಡದು, ಮನೆಯವರನ್ನು ಕೇಳಿಯೇ ಬರೆಯಬೇಕು ಎಂಬುದೊಂದೇ ಕಟ್ಟಳೆ. ಅಕ್ಷರ ಬಾರದ ಅಜ್ಜಿಯಂದಿರು ಆ ಮೂರನೆಯ ಗೆರೆಯನ್ನು ತುಂಬಿಸಿಕೊಟ್ಟಷ್ಟು ಚೆನ್ನಾಗಿ ಬೇರೆ ಯಾರೂ ತುಂಬಿಸಿಕೊಡಲಿಲ್ಲ. ಪುಟ್ ಅಪ್ ವಿತ್ ಎಂಬುದರ ಎದುರು ಒಬ್ಬ ಹುಡುಗಿ ಅಜ್ಜಿಯ ಬಾಯಿಂದ ಕೇಳಿ ಬರೆದುತಂದದ್ದು 'ಹಲ್ಲು ಕಚ್ಚಿಕೊಂಡು ಇರೋದು' ಎಂದು. ಬರಿಯ 'ಸಹಿಸು' ಎಂದಷ್ಟೇ ಹೇಳುವ ಗೈಡಿಗಿಂತ ಅದರಲ್ಲಿ ಜೀವ ಹೆಚ್ಚು.

ಕಾಸರಗೋಡಿನ ಮನೆಗಳಲ್ಲಿ ಎರಡನೆಯ ಗೆರೆಗೆ ಮಲಯಾಳ ಬರಲಿ. ಮೂರನೆಯದು ನಿಮ್ಮಲ್ಲೂ ನಮ್ಮಲ್ಲೂ ಒಂದೇ.